ಕರಣಿಕರ ಕಾಯಕ ಮತ್ತು ಕಾಲೇಜಿನ ಬಾಗಿಲು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರ ನಾಡಿನ ಮನೆಮನೆಯಲ್ಲಿಯೂ ಕೇಳಿಬರುವುದು ಒಂದೇ ಪ್ರಶ್ನೆ: ಮುಂದೆ ಏನು? ಅದು ಹದಿನೈದು-ಹದಿನಾರರ ಹರೆಯದ ವಿದ್ಯಾರ್ಥಿಯು ಉತ್ತರಿಸಬೇಕಾದ ಪ್ರಶ್ನೆ. ಆದರೆ ಬಹುಪಾಲು ಮನೆಗಳಲ್ಲಿ ಆ ವಿದ್ಯಾರ್ಥಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಅದಕ್ಕೆ ಉತ್ತರಿಸುತ್ತಾರೆ. ಬಂಧುಗಳು ಉತ್ತರಿಸುತ್ತಾರೆ, ನೆರೆಹೊರೆಯವರು ಉತ್ತರಿಸುತ್ತಾರೆ, ಕಾಲೇಜಿನ ಜಾಹೀರಾತು ಫಲಕಗಳು ಉತ್ತರಿಸುತ್ತವೆ. ಶರಣರು ಬಾಳಿನ ನಡುವೆ ನಿಲ್ಲಿಸಿದ ಕಾಯಕವೆಂಬ ವಿಚಾರಕ್ಕೂ ಈ ಪ್ರಶ್ನೆಗೂ ಇರುವ ಸಂಬಂಧವನ್ನು ಮಾತ್ರ ಯಾರೂ ಸಾಮಾನ್ಯವಾಗಿ ನೆನೆಯುವುದಿಲ್ಲ.

ಗದಗ ಜಿಲ್ಲೆಯ ಹಳ್ಳಿಯೊಂದರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕು ಎಕರೆ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಮಗಳು ಒಳ್ಳೆಯ ಅಂಕಗಳೊಂದಿಗೆ ಹತ್ತನೆಯ ತರಗತಿಯನ್ನು ಮುಗಿಸಿದ್ದಾಳೆ. ತಾಯಿ ಊರಿನ ಸ್ತ್ರೀಶಕ್ತಿ ಸಂಘದ ಸದಸ್ಯೆ. ಸಂಘದ ಉಳಿತಾಯ, ಸಾಲ, ಬಡ್ಡಿ, ಕಂತುಗಳ ಪುಸ್ತಕವನ್ನು ಎಂಟನೆಯ ತರಗತಿಯಿಂದಲೂ ಬರೆಯುತ್ತ ಬಂದವಳು ಈ ಹುಡುಗಿಯೇ. ಒಮ್ಮೆ ನಲವತ್ತು ರೂಪಾಯಿ ತಾಳೆಯಾಗದಿದ್ದಾಗ ಮೂರು ತಿಂಗಳ ಹಿಂದಿನ ಪುಟದವರೆಗೂ ಹೋಗಿ ತಪ್ಪನ್ನು ಹುಡುಕಿ ತೆಗೆದ ಮೇಲೆಯೇ ಅವಳು ಮಲಗಿದ್ದಳು. ಈಗ ಅವಳು ಪಿ.ಯು.ಸಿ.ಯಲ್ಲಿ ವಾಣಿಜ್ಯ ವಿಭಾಗವನ್ನು ಸೇರುವೆನೆನ್ನುತ್ತಾಳೆ. ಸೋದರಮಾವನಿಗೆ ಇದು ಸರಿಬರುವುದಿಲ್ಲ.

"ಇಷ್ಟ ಮಾರ್ಕ್ಸ್ ತಗೊಂಡು ಕಾಮರ್ಸ್ ಏನವಾ? ಸೈನ್ಸ್ ತಗೋ, ಎಲ್ಲಾ ಬಾಗಲಾ ತೆರದಿರತಾವು" ಎನ್ನುತ್ತಾನೆ ಅವನು. "ನಿಮ್ಮ ಮಾವ ಹೇಳೂದೂ ಖರೇನ ಐತಿ ಯವ್ವಾ" ಎಂದು ತಂದೆ ದನಿಗೂಡಿಸುತ್ತಾನೆ. ಹುಡುಗಿ ಮಾತನಾಡುವುದಿಲ್ಲ. ಅವಳ ಬಳಿ ವಾದವಿಲ್ಲ; ಇರುವುದು ಆ ಲೆಕ್ಕದ ಪುಸ್ತಕ ಮಾತ್ರ.

ಸೋದರಮಾವನ ಮಾತು ಸುಳ್ಳಲ್ಲ. ವಿಜ್ಞಾನವನ್ನು ಓದಿದವರು ಮುಂದೆ ಬಿ.ಎ., ಬಿ.ಕಾಂ., ಕಾನೂನು ಪದವಿಗಳಿಗೆ ಬರಬಹುದು. ವಾಣಿಜ್ಯ ಇಲ್ಲವೆ ಕಲಾ ವಿಭಾಗದಲ್ಲಿ ಓದಿದವರು ಎಂಜಿನಿಯರಿಂಗ್, ವೈದ್ಯಕೀಯಗಳ ಕಡೆಗೆ ಹೋಗಲಾರರು. ಬಾಗಿಲುಗಳನ್ನು ಎಣಿಸುವುದಾದರೆ ಅವನ ಲೆಕ್ಕವೇ ಸರಿ. ಆದರೆ ತೆರೆದ ಬಾಗಿಲೊಳಗೆ ನಡೆದುಹೋಗಬೇಕಾದುದು ವಿದ್ಯಾರ್ಥಿಯ ಕಾಲುಗಳು. ರಾಜ್ಯದ ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಸಿ.ಇ.ಟಿ. ಅಂಕಗಳು ಅರ್ಧ, ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳು ಅರ್ಧ. ಆ ವಿಷಯಗಳಲ್ಲಿ ಮನಸ್ಸು ನೆಲೆಗೊಳ್ಳದ ವಿದ್ಯಾರ್ಥಿಯು ಎರಡು ವರ್ಷ ಊರು ಬಿಟ್ಟು ಹಾಸ್ಟೆಲಿನಲ್ಲಿದ್ದು, ಕೋಚಿಂಗ್ ಶುಲ್ಕ ಕಟ್ಟಿ, ಕೊನೆಗೆ ರ‍್ಯಾಂಕು ಬಾರದೆ ಆಡಳಿತ ಮಂಡಳಿಯ ಕೋಟಾದ ಸೀಟಿಗಾಗಿ ತಂದೆಯನ್ನು ಸಾಲದ ಬಾಗಿಲಿಗೆ ಕರೆದೊಯ್ಯುವುದನ್ನು ಕಾಣದ ಹಳ್ಳಿಯುಂಟೆ? ಎಲ್ಲ ಬಾಗಿಲುಗಳೂ ತೆರೆದಿವೆಯೆಂಬ ನಂಬಿಕೆಯೇ ಎಷ್ಟೋ ಮಕ್ಕಳಿಗೆ ಅವರದೇ ಆದ ಒಂದು ಬಾಗಿಲನ್ನು ಮುಚ್ಚಿಬಿಡುತ್ತದೆ.

ಇಲ್ಲಿ ವಚನ ಸಾಹಿತ್ಯವು ಏನು ಹೇಳುತ್ತದೆ? ನೇರವಾಗಿ ಏನನ್ನೂ ಹೇಳುವುದಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹನ್ನೆರಡನೆಯ ಶತಮಾನದಲ್ಲಿ ಪ್ರವೇಶ ಪರೀಕ್ಷೆಯಿರಲಿಲ್ಲ, ರ‍್ಯಾಂಕ್ ಪಟ್ಟಿಯಿರಲಿಲ್ಲ. ಇಂದಿನ ಎಲ್ಲ ಸಮಸ್ಯೆಗಳಿಗೂ ವಚನಗಳಲ್ಲಿ ಸಿದ್ಧ ಉತ್ತರಗಳಿವೆಯೆಂದು ಹೇಳುವುದು ಶರಣರಿಗೆ ಗೌರವ ತರುವ ಮಾತಲ್ಲ. ಆದರೆ ದುಡಿಮೆಯನ್ನು ಅಳೆಯುವುದಕ್ಕೆ ಶರಣರು ಒಂದು ಅಳತೆಗೋಲನ್ನು ಕೊಟ್ಟುಹೋದರು. ದುಡಿಮೆಯು ಸತ್ಯಶುದ್ಧವಾಗಿರಬೇಕು, ದುಡಿಯುವವರ ಮನಸ್ಸು ಅದರಲ್ಲಿ ತೊಡಗಿರಬೇಕು, ಅದರ ಫಲ ತನ್ನೊಬ್ಬನಲ್ಲಿಯೇ ನಿಲ್ಲದೆ ದಾಸೋಹವಾಗಿ ಹರಿಯಬೇಕು. ಈ ಮೂರು ಇದ್ದಲ್ಲಿ ಅಂಬಿಗರ ಚೌಡಯ್ಯನವರ ಹುಟ್ಟು, ನುಲಿಯ ಚಂದಯ್ಯನವರ ಹಗ್ಗ, ಮಡಿವಾಳ ಮಾಚಿದೇವರ ಬಟ್ಟೆಯ ಗಂಟು, ವೈದ್ಯ ಸಂಗಣ್ಣನವರ ಔಷಧ ಎಲ್ಲವೂ ಸಮಾನ. ಯಾವ ಕೆಲಸ ದೊಡ್ಡದು ಎಂಬ ಪ್ರಶ್ನೆಯೇ ಅಲ್ಲಿ ಬಿದ್ದುಹೋಗುತ್ತದೆ.

ಕಾಯಕದ ಮಾತು ಇಂದು ಶಾಲೆಯ ಗೋಡೆಗಳ ಮೇಲೆ, ಸರ್ಕಾರಿ ಕಚೇರಿಗಳ ಫಲಕಗಳ ಮೇಲೆ ಕಾಣುತ್ತದೆ. ಆದರೆ ಅದನ್ನು ಎರಡು ಬಗೆಯಾಗಿ ತಪ್ಪು ತಿಳಿಯಲಾಗಿದೆ. ಸಿಕ್ಕಿದ ಕೆಲಸವನ್ನು ತಲೆತಗ್ಗಿಸಿ ಮಾಡುವುದೇ ಕಾಯಕವೆಂಬುದು ಒಂದು ತಪ್ಪು. ಹುಟ್ಟಿದ ಮನೆಯ ಕೆಲಸವನ್ನು ಬಿಡದಿರುವುದೇ ಕಾಯಕವೆಂಬುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕರ. ಚಮ್ಮಾರರ ಮಗ ಚಮ್ಮಾರನಾಗಿಯೇ, ಮಡಿವಾಳರ ಮಗಳು ಮಡಿವಾಳಳಾಗಿಯೇ ಉಳಿಯಬೇಕೆಂದು ಹೇಳಿದುದು ಶರಣರು ಎದುರಿಸಿದ ವ್ಯವಸ್ಥೆಯೇ ಹೊರತು ಶರಣರಲ್ಲ. ಬಹುಮಂದಿ ಶರಣರು ತಮ್ಮ ಮನೆತನದ ಕಸುಬನ್ನೇ ಮುಂದುವರಿಸಿದರೆಂಬುದು ನಿಜ. ಆದರೆ ಹುಟ್ಟು ವಿಧಿಸಿತೆಂದು ಮಾಡುವ ದುಡಿಮೆಗೂ ಅರಿವಿನಿಂದ ತನ್ನದಾಗಿಸಿಕೊಂಡ ದುಡಿಮೆಗೂ ಅಂತರವಿದೆ.

ಈ ಅಂತರಕ್ಕೆ ಬಸವಣ್ಣನವರ ಬದುಕಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹುಟ್ಟಿದ ಮನೆ ಅವರಿಗಾಗಿ ಸಿದ್ಧಪಡಿಸಿಟ್ಟದ್ದು ವೈದಿಕ ಕರ್ಮದ ದಾರಿ. ಅವರು ಅದನ್ನು ಬಿಟ್ಟು ಹೊರಟವರು. ಮಂಗಳವಾಡದಲ್ಲಿ ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಲೆಕ್ಕ ಬರೆದು, ಮುಂದೆ ಭಂಡಾರದ ಹೊಣೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಗೊಂಡರೆಂಬುದೂ ಅದೇ ಪರಂಪರೆಯ ನಂಬಿಕೆ. ಒಬ್ಬರು ಹುಟ್ಟಿನಿಂದ ಬಂದ ಪ್ರತಿಷ್ಠೆಯ ದಾರಿಯನ್ನು ಬಿಟ್ಟರು. ಇನ್ನೊಬ್ಬರು ಸಿಂಹಾಸನವನ್ನೇ ಬಿಟ್ಟರು. ಶರಣಪರಂಪರೆಯಲ್ಲಿ ಕಾಯಕವು ಆಯ್ಕೆಯೂ ಹೌದೆಂಬುದಕ್ಕೆ ಈ ಇಬ್ಬರು ಸಾಕು. ಲೆಕ್ಕದ ಪುಸ್ತಕವನ್ನು ಪ್ರೀತಿಸುವ ಹಳ್ಳಿಯ ಹುಡುಗಿಯೊಬ್ಬಳಿಗೆ "ಕಾಮರ್ಸ್ ಏನವಾ" ಎಂದು ಹಳಿಯುವ ಮನೆಯ ಗೋಡೆಯ ಮೇಲೆ ಬಸವಣ್ಣನವರ ಪಟವಿದ್ದರೆ, ಆ ಪಟದಲ್ಲಿರುವವರು ಬದುಕನ್ನು ಆರಂಭಿಸಿದ್ದು ಕರಣಿಕರಾಗಿ ಎಂಬುದನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ವಿದ್ಯಾರ್ಥಿಯು ಆರಿಸಿಕೊಳ್ಳುವುದು ಹೇಗೆ? ಬರಿಯ ಇಷ್ಟವೂ ಸಾಲದು. ಹದಿನಾರರ ಇಷ್ಟ ಬಹಳ ಸಲ ಸಿನಿಮಾದಿಂದಲೋ ಗೆಳೆಯರಿಂದಲೋ ಬಂದಿರುತ್ತದೆ. ಶರಣರ ಅಳತೆಗೋಲಿನಿಂದ ಮೂರು ಪ್ರಶ್ನೆಗಳನ್ನು ಹೊರಡಿಸಬಹುದು. ಯಾರೂ ಹೇಳದಿದ್ದರೂ ಮನಸ್ಸು ತಾನಾಗಿ ಯಾವ ಕೆಲಸದಲ್ಲಿ ನಿಲ್ಲುತ್ತದೆ? ಆ ಕೆಲಸವನ್ನು ಮಾಡುವವರ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಹೇಗಿರುತ್ತದೆ? ಆ ಕೆಲಸದಿಂದ ಯಾರ ಕೊರತೆ ನೀಗುತ್ತದೆ? ಮೊದಲನೆಯದಕ್ಕೆ ಉತ್ತರ ವಿದ್ಯಾರ್ಥಿಯ ಹಿಂದಿನ ದಿನಗಳಲ್ಲಿದೆ. ಎರಡನೆಯದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಹೋಗಿ ನೋಡಬೇಕು. ದಾದಿಯಾಗಬೇಕೆನ್ನುವವಳು ತಾಲ್ಲೂಕು ಆಸ್ಪತ್ರೆಯಲ್ಲಿ, ವಕೀಲನಾಗಬೇಕೆನ್ನುವವನು ನ್ಯಾಯಾಲಯದ ಆವರಣದಲ್ಲಿ ಒಂದು ದಿನ ಕುಳಿತು ಬರಲಿ. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುವ ಮುನ್ನ ಒಂದು ದಿನವನ್ನು ಕೊಡುವುದು ಹೆಚ್ಚೇನಲ್ಲ.

ಮೂರನೆಯ ಪ್ರಶ್ನೆಯಲ್ಲಿ ದಾಸೋಹವಿದೆ. ಆ ಹುಡುಗಿಯ ಜಿಲ್ಲೆಯಲ್ಲಿಯೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಯಾಯಿತು. ದೇಶದ ಸಹಕಾರ ಚಳವಳಿಯ ಇತಿಹಾಸ ಆ ಹಳ್ಳಿಯಿಂದ ತೊಡಗುತ್ತದೆ. ಇಂದು ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘ, ಸ್ವಸಹಾಯ ಗುಂಪುಗಳಿಲ್ಲದ ಊರು ವಿರಳ. ಅಲ್ಲಿ ಲೆಕ್ಕ ಕೆಟ್ಟರೆ ಮುಳುಗುವುದು ಕೂಲಿಕಾರರ ಠೇವಣಿ, ವಿಧವೆಯರ ಉಳಿತಾಯ. ನಲವತ್ತು ರೂಪಾಯಿಯ ತಪ್ಪಿಗಾಗಿ ನಿದ್ದೆಗೆಡುವ ಲೆಕ್ಕಿಗರು ಬೇಕಾಗಿರುವುದು ಅಂತಹ ಕಡೆಯೇ. ಅವಳ ಮುಂದೆ ದಾರಿಗಳೂ ಇವೆ. ಬಿ.ಕಾಂ. ಪದವಿಯಿದೆ, ಸಹಕಾರ ಸಂಘಗಳ ಲೆಕ್ಕಪರಿಶೋಧನಾ ಇಲಾಖೆಯಿದೆ, ಬ್ಯಾಂಕ್ ಪರೀಕ್ಷೆಗಳಿವೆ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದರೆ ಪಿ.ಯು.ಸಿ. ಮುಗಿಸಿ ಫೌಂಡೇಶನ್, ಬಳಿಕ ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳ ಪರೀಕ್ಷೆಗಳನ್ನು ದಾಟಬೇಕು. 2023ರ ಹೊಸ ನಿಯಮದಂತೆ ನಡುವೆ ಎರಡು ವರ್ಷ ಹಿರಿಯ ಲೆಕ್ಕಪರಿಶೋಧಕರ ಬಳಿ ಅಭ್ಯಾಸ ಮಾಡಬೇಕು. ಆ ಪರೀಕ್ಷೆಗಳು ಸುಲಭವಲ್ಲ. ಪ್ರಯತ್ನಕ್ಕೆ ಪ್ರಯತ್ನ ಕೂಡಿಸುತ್ತ ವರ್ಷಗಳನ್ನು ಕಳೆಯುವವರು ಬಹಳ. ಅದನ್ನೂ ಅವಳಿಗೆ ಮೊದಲೇ ಹೇಳಬೇಕು. ಸತ್ಯಶುದ್ಧ ಕಾಯಕಕ್ಕೆ ಸತ್ಯಶುದ್ಧವಾದ ಮಾಹಿತಿಯೇ ಮೊದಲ ಮೆಟ್ಟಿಲು.

ಇದು ವಾಣಿಜ್ಯದ ಪರವಾದ, ವಿಜ್ಞಾನದ ವಿರುದ್ಧವಾದ ಮಾತಲ್ಲ. ಬೀಜವನ್ನೂ ಮಣ್ಣನ್ನೂ ಬಿಡಿಸಿ ನೋಡುವ ಕುತೂಹಲವುಳ್ಳ ಮಗುವಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿರಸಿಯ ಅರಣ್ಯ ಕಾಲೇಜಿದೆ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ, ಕಿವಿ ಕೇಳದವರಿಗೆ ನೆರವಾಗುವ ವಿದ್ಯೆಯನ್ನು ಕಲಿಸುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಪದವಿ ಹಾಗೂ ಶಿಕ್ಷಕ ತರಬೇತಿ ಎರಡನ್ನೂ ನಾಲ್ಕು ವರ್ಷಗಳಲ್ಲಿ ಒಂದಾಗಿ ಕೊಡುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದೇ ಊರಿನಲ್ಲಿದೆ. ಕೈಯಲ್ಲಿ ಹತಾರವಿದ್ದಾಗಲೇ ಮನಸ್ಸು ಅರಳುವ ಹುಡುಗನಿಗೆ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಹತ್ತನೆಯ ತರಗತಿಯ ಬಳಿಕವೇ ಅಲ್ಲಿ ಡಿಪ್ಲೊಮಾ ಕಲಿಯಬಹುದು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐದು ವರ್ಷಗಳ ಕಾನೂನು ಪದವಿಗೆ ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ಆದೀತು. ನಾಟಕದಲ್ಲಿ ಜೀವವಿಟ್ಟವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದಲೂ ಇದೆ. ಇವುಗಳಲ್ಲಿ ಹಲವನ್ನು ಹಳ್ಳಿಯ ಮಗು ಕೇಳಿಯೇ ಇರುವುದಿಲ್ಲ. ಕೇಳಿರದ ದಾರಿಯನ್ನು ಆರಿಸಿಕೊಳ್ಳುವುದು ಹೇಗೆ?

ಸಂಬಳದ ಮಾತನ್ನು ಮರೆಮಾಚಿ ಈ ವಿಷಯವನ್ನು ಮುಗಿಸಲಾಗದು. ಮೂರು ವರ್ಷ ಮಳೆ ಕೈಕೊಟ್ಟ ಹೊಲವನ್ನು ಕಂಡ ತಂದೆಯು ಮಗಳ ಬದುಕಿಗೆ ತಿಂಗಳ ಪಗಾರದ ಭದ್ರತೆಯನ್ನು ಬಯಸುವುದು ದುರಾಸೆಯಲ್ಲ. ಬಡತನವನ್ನು ವೈಭವೀಕರಿಸುವ ಉಪದೇಶ ಅವನಿಗೆ ಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಬಹುಮಂದಿ ಬಲ್ಲರು. ಲಕ್ಕಮ್ಮನವರು ಅಕ್ಕಿಯೇ ಬೇಡವೆನ್ನಲಿಲ್ಲ. ಎಷ್ಟು ಸಾಕೆಂಬ ಅರಿವು ಅವರಿಗಿತ್ತು. ಕೋರ್ಸನ್ನು ಆರಿಸುವ ಮನೆಯಲ್ಲಿಯೂ ಈ ಲೆಕ್ಕವನ್ನು ಬಾಯಿಬಿಟ್ಟು ಮಾಡಬೇಕು. ಒಟ್ಟು ಶುಲ್ಕವೆಷ್ಟು, ಸಾಲವೆಷ್ಟು, ಓದು ಮುಗಿದ ಮೇಲೆ ತಿಂಗಳಿಗೆ ಕಟ್ಟಬೇಕಾದ ಕಂತೆಷ್ಟು, ಈ ಕಾಲೇಜಿನಿಂದ ಹೊರಬಂದವರಿಗೆ ದೊರೆತ ಕೆಲಸ ಯಾವುದು, ಸಂಬಳವೆಷ್ಟು? ಹೊಲ ಮಾರಿ ಕೊಂಡ ಸೀಟಿನ ಭಾರ ಮಗುವಿನ ಹೆಗಲ ಮೇಲೆ ಕುಳಿತರೆ, ಮನಸ್ಸಿಗೆ ಒಗ್ಗದ ಓದನ್ನು ನಡುವೆ ಬಿಟ್ಟೇಳುವ ಸ್ವಾತಂತ್ರ್ಯವೂ ಆ ಮಗುವಿಗೆ ಉಳಿಯುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಲೆಕ್ಕ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಹತ್ತಿರದ ಕಾಲೇಜಾದರೆ ಸಾಕು, ಮದುವೆಯವರೆಗೆ ಒಂದು ಡಿಗ್ರಿಯಾದರೆ ಸಾಕು ಎನ್ನುವ ಲೆಕ್ಕವದು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ದೊರೆತಿರುವ ಪರಂಪರೆ ಇದು. ಕದಿರೆ ರೆಮ್ಮವ್ವೆಯವರಂಥವರು ನೂಲಿನ ಕಾಯಕವನ್ನೇ ತಮ್ಮ ಗುರುತಾಗಿ ಉಳಿಸಿಹೋದರು. ಗಂಡನಿಗೆ ಕಾಯಕದ ಮರ್ಮವನ್ನು ತಿಳಿಹೇಳಿದ ಲಕ್ಕಮ್ಮನವರನ್ನು ಕೊಂಡಾಡುವ ಸಮಾಜವು ಮಗಳ ದುಡಿಮೆಯನ್ನು ಮದುವೆಯವರೆಗಿನ ಕಾಲಹರಣವೆಂದು ಬಗೆದರೆ ಆ ಕೊಂಡಾಟಕ್ಕೆ ಅರ್ಥವಿಲ್ಲ.

ಆಯ್ಕೆ ತಪ್ಪಿದರೆ ಬದುಕೇ ಮುಗಿಯಿತೆಂಬ ಭಯವೂ ಮಕ್ಕಳನ್ನು ಹಿಂಡುತ್ತಿದೆ. ಈ ಭಯಕ್ಕೆ ಮದ್ದು ಬೇಕಾದವರು ಡಾ. ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಓದಿದ್ದು ಕಾನೂನು, ಮಾಡಿದ್ದು ವಿಜಯಪುರದಲ್ಲಿ ವಕೀಲಿಕೆ. ಆದರೆ ನಾಡು ಅವರನ್ನು ನೆನೆಯುವುದು ಓಲೆಗರಿಗಳಲ್ಲಿ ಉಳಿದಿದ್ದ ವಚನಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದ ಸಂಶೋಧಕರಾಗಿ. ಅವರು ಪಡೆದ ಪದವಿ ಒಂದು, ಬಾಳಿನ ಕಾಯಕ ಇನ್ನೊಂದು. ವಕೀಲರ ಸಾಕ್ಷ್ಯಬುದ್ಧಿ ಆ ಇನ್ನೊಂದು ಕಾಯಕದಲ್ಲಿಯೂ ವ್ಯರ್ಥವಾಗಿರಲಾರದು. ಕಾಲೇಜಿನ ಮೊದಲ ಆಯ್ಕೆಯು ಬದುಕಿನ ಕೊನೆಯ ತೀರ್ಪಲ್ಲ.

ಅಲ್ಲದೆ ಇಂದು ಹಾಕುವ ಲೆಕ್ಕ ಹತ್ತು ವರ್ಷಗಳ ಬಳಿಕವೂ ಸರಿಯಾಗಿರುತ್ತದೆಂದು ಹೇಳಬಲ್ಲವರು ಯಾರು? ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿಯ ವ್ಯವಸ್ಥೆ ಬಂದಿತು. 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಯೇ ಮರಳಿತು. ಕಂಪ್ಯೂಟರ್ ಸೈನ್ಸ್ ಸೀಟಿಗೆ ನೂಕುನುಗ್ಗಲಿರುವಾಗ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ ಬೆಂಚುಗಳು ಖಾಲಿಯಿರುವುದನ್ನು ಎಷ್ಟೋ ಕಾಲೇಜುಗಳು ಕಂಡಿವೆ. ಈಗ ಕೃತಕ ಬುದ್ಧಿಮತ್ತೆಯು ಕೋಡ್ ಬರೆಯುತ್ತಿದೆ, ಲೆಕ್ಕವನ್ನೂ ಹಾಕುತ್ತಿದೆ. ಲೆಕ್ಕ ಬರೆಯುವ ಕೆಲಸದ ಒಂದು ಪಾಲು ಯಂತ್ರಕ್ಕೆ ಹೋಗುವುದು ನಿಶ್ಚಿತ. ಆದರೆ ಲೆಕ್ಕ ತಾಳೆಯಾಗಿದ್ದರೂ ಅದರೊಳಗೊಂದು ಸುಳ್ಳು ಅಡಗಿದೆಯೆಂದು ಸಂಘದ ಸಭೆಯಲ್ಲಿ ಎದ್ದುನಿಂತು ಹೇಳುವುದು ಮನುಷ್ಯರ ಕೆಲಸವಾಗಿಯೇ ಉಳಿಯುತ್ತದೆ. ಸಂತೆಯ ಧಾರಣೆಯನ್ನು ನೋಡಿ ಓದನ್ನು ಆರಿಸಿದವರಿಗೆ ಧಾರಣೆ ಬಿದ್ದ ದಿನ ಆಸರೆಯಿಲ್ಲ. ಕೆಲಸದ ಒಳತಿರುಳನ್ನು ಪ್ರೀತಿಸಿದವರು ಅದರ ಹೊರರೂಪ ಬದಲಾದರೂ ಹೊಸತನ್ನು ಕಲಿತು ನಿಲ್ಲಬಲ್ಲರು.

ಕೊನೆಯದಾಗಿ, ಈ ಹೊಣೆಯನ್ನು ವಿದ್ಯಾರ್ಥಿ ಮತ್ತು ಪೋಷಕರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಅನ್ನ, ಅಕ್ಷರ ದಾಸೋಹಗಳ ಮೂಲಕ ನಾಡಿನ ಮಠಗಳು ಮಾಡಿದ ಸೇವೆ ದೊಡ್ಡದು. ಆದರೆ ಮಠಗಳೂ ಅವುಗಳಿಗೆ ಸೇರಿದ ವಿದ್ಯಾಸಂಸ್ಥೆಗಳೂ ಇಂದು ಕಾಲೇಜುಗಳನ್ನು ನಡೆಸುತ್ತವೆ, ಅಲ್ಲಿಯೂ ಸೀಟುಗಳು ತುಂಬಬೇಕಾಗುತ್ತದೆ. ತಮ್ಮ ಕಾಲೇಜಿನ ಬಾಗಿಲನ್ನು ಮಾತ್ರ ತೋರಿಸುವ ಮಾರ್ಗದರ್ಶನ ದಾಸೋಹವಲ್ಲ, ವ್ಯಾಪಾರ. ಫಲಿತಾಂಶದ ವಾರದಲ್ಲಿ ಪ್ರತಿಯೊಂದು ಮಠದ ಅಂಗಳದಲ್ಲಿ ಒಂದು ದಿನವಾದರೂ ದಾದಿಯರು, ಕೃಷಿ ಪದವೀಧರರು, ಲೆಕ್ಕಪರಿಶೋಧಕರು, ಐ.ಟಿ.ಐ. ಓದಿ ಕಾರ್ಖಾನೆ ಸೇರಿದವರು, ಶಿಕ್ಷಕಿಯರು, ವಕೀಲರು ಕುಳಿತು ತಮ್ಮ ತಮ್ಮ ಕಾಯಕದ ಸಿಹಿಕಹಿಗಳನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳುವಂತಾದರೆ ಎಷ್ಟು ಚೆನ್ನ! ಬೇರೆ ಬೇರೆ ಕಾಯಕದವರು ಒಂದೆಡೆ ಕುಳಿತು ಮಾತನಾಡಿದ ಮಂಟಪದ ನೆನಪನ್ನು ಹೊತ್ತ ಪರಂಪರೆಗೆ ಇದು ಹೊಸತೂ ಅಲ್ಲ, ಕಠಿಣವೂ ಅಲ್ಲ.

ಆ ಮನೆಯ ಹುಡುಗಿ ಕೊನೆಗೆ ವಾಣಿಜ್ಯವನ್ನೇ ಸೇರಬೇಕೆಂದಿಲ್ಲ. ಒಂದು ದಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತು ಬಂದು "ಇದು ಬ್ಯಾಡ ಅಪ್ಪಾ" ಎಂದರೂ ಅವಳು ಸೋತಂತಲ್ಲ. ಆದರೆ ಅವಳ ತಂದೆಯು ಇಂದು ರಾತ್ರಿ ಸೋದರಮಾವನ ಮಾತನ್ನು ಬದಿಗಿಟ್ಟು ಆ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ನಲವತ್ತು ರೂಪಾಯಿಯ ತಪ್ಪನ್ನು ತಿದ್ದಿದ ಆ ಪುಟದಲ್ಲಿ ಮಗಳ ಅಂಕಪಟ್ಟಿಯು ಹೇಳದ ಒಂದು ಸಂಗತಿ ಇದೆ. ಅದನ್ನು ಓದಿದ ಬಳಿಕ ಅವಳನ್ನು ಬಳಿಗೆ ಕರೆದು, "ನಿನಗ ಏನ ಮಾಡಬೇಕನಸ್ತದ ಹೇಳವಾ" ಎಂದು ಕೇಳಿದರೆ ಅಷ್ಟೇ ಸಾಕು. ಉಳಿದ ಮಾತನ್ನು ಅವಳೇ ಆಡಿಯಾಳು.